ಜೈಲಿನಲ್ಲಿ ಚಿತ್ರಕಲೆ ಸೇವೆ ಶುರು ಮಾಡಬೇಕು (ಬಳ್ಳಾರಿ): ಅನುಮತಿ, ಸಾಮಾನು, ಬಿಡುಗಡೆ ಆದಮೇಲಿನ ಕೆಲಸ?

ಕೌಲ್‌ಬಜಾರ್ ಯೂತ್ (ಬಳ್ಳಾರಿ)

ಎಲ್ಲರಿಗೂ ಪ್ರೈಸ್ ದ ಲಾರ್ಡ್. ನಮ್ಮ ಸಭೆಯ (ಚರ್ಚಿನ) ಯೌವನಸ್ಥರ ಕೂಟದಲ್ಲಿ ಕೈಯಲ್ಲಿ ಕಲೆ ಇರೋರು ಮೂರು ಜನ ಇದ್ದಾರೆ. ಒಬ್ಬರು ಬೋರ್ಡ್ ಬರೆಯೋ ಪೇಂಟರ್, ಒಬ್ಬರು ಡ್ರಾಯಿಂಗ್ ಮೇಷ್ಟ್ರು, ಇನ್ನೊಬ್ಬರು ಜೀನ್ಸ್ ಯೂನಿಟ್‌ನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡ್ತಾರೆ. ಕ್ರಿಸ್ಮಸ್‌ಗೆ ಕೇಕ್ ಹಂಚಿ ಫೋಟೋ ತೆಗೆಸಿಕೊಂಡು ಬರೋದರ ಬದಲು ಕೇಂದ್ರ ಕಾರಾಗೃಹದಲ್ಲಿ ವಾರಕ್ಕೊಂದು ಸಲ, ಎರಡು ಗಂಟೆ, 15 ಜನರಿಗೆ ಕಲಿಸೋಣ ಅಂತ ತೀರ್ಮಾನ ಆಗಿದೆ. ಮೂರು ತಿಂಗಳು, ಅಂದರೆ 12 ವಾರ. ಕೈಯಲ್ಲಿರೋದು 15,000 ರೂಪಾಯಿ.

ಕೇಳಬೇಕಾಗಿರೋದು ಇಷ್ಟು. ಅನುಮತಿ ಯಾರ ಹತ್ತಿರ, ಹೇಗೆ? ಒಳಗೆ ಯಾವ ಸಾಮಾನು ಬಿಡ್ತಾರೆ, ಯಾವುದು ಬಿಡಲ್ಲ? ಪ್ರಾರ್ಥನೆ, ಬೈಬಲ್ ವಾಕ್ಯ ಹೇಳಬಹುದಾ? ಹೊರಗೆ ಬಂದವರಿಗೆ ಇದರಿಂದ ನಾಲ್ಕು ಕಾಸು ಸಿಗೋ ಹಾಗೆ ಮಾಡೋದು ಹೇಗೆ? ಕೊನೇದೇ ನಮಗೆ ಮುಖ್ಯ. ಗೊತ್ತಿರೋರು ವಿವರವಾಗಿ ಬರೀರಿ.

ಗೇಟ್ ಪಾಸ್ (ರಾಯಚೂರು)

ಅರ್ಜಿ ಕಾರಾಗೃಹದ ಅಧೀಕ್ಷಕರ ಹೆಸರಿಗೆ. ಸಭೆಯ ಲೆಟರ್‌ಹೆಡ್‌ಗಿಂತ ನೋಂದಣಿಯಾದ ಟ್ರಸ್ಟ್ ಅಥವಾ ಸೊಸೈಟಿಯ ಲೆಟರ್‌ಹೆಡ್‌ಗೆ ತೂಕ ಹೆಚ್ಚು. ನಿಮ್ಮದು ನೋಂದಣಿ ಆಗಿಲ್ಲದಿದ್ದರೆ ಆಗಿರುವ ಸಂಸ್ಥೆಯ ಜೊತೆ ಸೇರಿಕೊಳ್ಳಿ. ಕಥೋಲಿಕರ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ 1981ರಿಂದ ಇದೇ ಕೆಲಸದಲ್ಲಿದೆ. ಬಳ್ಳಾರಿ ಧರ್ಮಕ್ಷೇತ್ರದ (ಡಯೋಸಿಸ್) ಕಚೇರಿಯಲ್ಲಿ ಒಂದು ಮಾತು ಕೇಳಿನೋಡಿ, ರಾಯಚೂರು ಕೊಪ್ಪಳ ಕೂಡ ಅದರ ವ್ಯಾಪ್ತಿಗೇ ಬರುತ್ತವೆ. ಪಂಗಡ ಬೇರೆ ಅನ್ನೋ ಬಿಗುಮಾನ ಇಲ್ಲಿ ಬೇಡ.

ಅರ್ಜಿಯಲ್ಲಿ 'ಬಂದಿಗಳ ಮನಪರಿವರ್ತನೆ' ಅಂತೆಲ್ಲ ಬರೆಯಬೇಡಿ. ಯಾವ ವಾರ, ಎಷ್ಟು ಗಂಟೆ, ಎಷ್ಟು ಜನ, ಏನು ಕಲಿಸುತ್ತೀರಿ, ಒಳಗೆ ಬರುವವರು ಯಾರು ಅನ್ನೋದನ್ನ ಒಂದು ಪುಟದಲ್ಲಿ ಹೇಳಿ. ಎರಡನೇ ಪುಟದಲ್ಲಿ ಸಾಮಾನಿನ ಪಟ್ಟಿ, ಸಂಖ್ಯೆ ಸಮೇತ. ಜೊತೆಗೆ ಪ್ರತಿಯೊಬ್ಬರ ಆಧಾರ್ ಪ್ರತಿ, ಫೋಟೋ. ಪೊಲೀಸ್ ಪರಿಶೀಲನೆ ಕೇಳಬಹುದು, ಕಡತ ಬೆಂಗಳೂರಿನ ಇಲಾಖೆ ಕಚೇರಿಗೂ ಹೋಗಬಹುದು. ಹಾಗಾಗಿ ಶುರು ಮಾಡುವ ದಿನಾಂಕವನ್ನು ಸಭೆಯಲ್ಲಿ ಮೊದಲೇ ಘೋಷಿಸಬೇಡಿ. ಐದು ಜನರ ಹೆಸರು ಕೊಟ್ಟು, ಪ್ರತಿ ವಾರ ಮೂವರು ಹೋಗಿ. ಪಟ್ಟಿಯಲ್ಲಿ ಇಲ್ಲದವರನ್ನು 'ಇವತ್ತೊಂದಿನ' ಅಂತ ಕರೆದುಕೊಂಡು ಹೋದರೆ ಗೇಟಿನಲ್ಲೇ ಎಡವಟ್ಟು.

ಇನ್ನು ಪಾಠದ ಯೋಜನೆ. ದೇಶದ ಜೈಲುಗಳಲ್ಲಿ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ನಿಮ್ಮ 15 ಜನರಲ್ಲಿ ಒಬ್ಬನಿಗೆ ಈ ಶನಿವಾರದೊಳಗೆ ಜಾಮೀನು ಆಗುತ್ತದೆ, ಇನ್ನೊಬ್ಬನಿಗೆ ಮುಂದಿನ ವಾರ ಕೋರ್ಟ್ ತಾರೀಖು, ಮತ್ತೊಬ್ಬನನ್ನು ಬೇರೆ ಜೈಲಿಗೆ ಕಳಿಸುತ್ತಾರೆ. 12 ವಾರ ಒಂದರ ಮೇಲೊಂದು ಕಟ್ಟುವ ಕೋರ್ಸ್ ಮಾಡಿದರೆ ಆರನೇ ವಾರಕ್ಕೆ ಅರ್ಧ ಜನ ಇರಲ್ಲ, ಹೊಸಬರಿಗೆ ತಲೆಬುಡ ತಿಳಿಯಲ್ಲ. ಪ್ರತಿ ಎರಡು ಗಂಟೆಯೂ ಅಲ್ಲಿಗೇ ಮುಗಿಯುವ ಒಂದು ಕೆಲಸ ಆಗಿರಲಿ. ಉದ್ದದ ಕೆಲಸ ಬೇಕೆಂದರೆ ಶಿಕ್ಷಾಬಂದಿಗಳ ಪ್ರತ್ಯೇಕ ಗುಂಪು ಕೇಳಿ. ಕೇಂದ್ರ ಕಾರಾಗೃಹದಲ್ಲಿ ಅದು ಸಾಧ್ಯ, ರಾಯಚೂರು ಕೊಪ್ಪಳದಂಥ ಜಿಲ್ಲಾ ಜೈಲುಗಳಲ್ಲಿ ಕಷ್ಟ.

ಬಟ್ಟೆ ವಿಷಯ: ಖಾಕಿ ಬೇಡ, ಪೂರ್ತಿ ಬಿಳಿಯೂ ಬೇಡ (ಶಿಕ್ಷಾಬಂದಿಗಳ ಉಡುಪು ಬಿಳಿ). ಮೊಬೈಲ್ ಹೊರಗೇ. ಯಾರದೂ ಚೀಟಿ, ದುಡ್ಡು, ಫೋನ್ ನಂಬರ್ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಒಯ್ಯಬೇಡಿ, ಕಣ್ಣೀರು ಹಾಕಿ ಕೇಳಿದರೂ ಸರಿಯೇ. ಒಬ್ಬರು ಮಾಡಿದರೆ ಎಲ್ಲರ ಪಾಸೂ ರದ್ದಾಗುತ್ತದೆ. ಏನು ಕೇಸು ಅಂತ ಕೇಳಬೇಡಿ. ವಕೀಲರು ಬೇಕು ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಹೆಸರು ಹೇಳಿ ಸುಮ್ಮನಾಗಿ. ಬಂಧನದಲ್ಲಿರುವ ಯಾರಿಗೇ ಆದರೂ 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ನೆರವು ಸಿಗಬೇಕು.

ದುಡ್ಡಿನ ಬಗ್ಗೆ ಒಂದೇ ಮಾತು: ಹೊರದೇಶದಲ್ಲಿರುವ ಗೆಳೆಯರ ಸಭೆ 'ನಾವು ಕಳಿಸ್ತೀವಿ' ಅಂದರೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದೆ ಒಂದು ಪೈಸೆಯನ್ನೂ ಮುಟ್ಟಬೇಡಿ.

ಬಣ್ಣದ ಡಬ್ಬಿ (ಕೊಪ್ಪಳ)

ಸಾಮಾನಿನ ಬಗ್ಗೆ ನಾನು ಬರೀತೀನಿ.

ಬಿಡದೇ ಇರುವುದು ಮೊದಲು: ಬ್ಲೇಡು, ಕತ್ತರಿ, ಕಟರ್, ಸ್ಟೀಲ್ ಸ್ಕೇಲು, ಕಂಪಾಸು, ಗಾಜಿನ ಬಾಟಲಿ, ಹಗ್ಗ, ತಂತಿ. ಟರ್ಪೆಂಟೈನ್, ಥಿನ್ನರ್, ಎನಾಮೆಲ್ ಪೇಂಟ್ ಬೇಡವೇ ಬೇಡ. ಅವು ಬೆಂಕಿಗೂ ಆಗುತ್ತವೆ, ಮೂಸಿ ಅಮಲೇರಿಸಿಕೊಳ್ಳಲಿಕ್ಕೂ ಆಗುತ್ತವೆ. ರಬ್ಬರ್ ಸೊಲ್ಯೂಷನ್ನಿನ ಗೋಂದೂ ಅದೇ ಜಾತಿ. ನೀರಿನಲ್ಲಿ ಕರಗುವ ಬಣ್ಣ ಮಾತ್ರ ಒಯ್ಯಿರಿ, ಗಾಜಿನಲ್ಲಿ ಬಂದಿದ್ದನ್ನು ಪ್ಲಾಸ್ಟಿಕ್ ಬಾಟಲಿಗೆ ಸುರಿದುಕೊಂಡು.

15 ಜನಕ್ಕೆ ಲೆಕ್ಕ: 22 x 30 ಇಂಚಿನ ಕಾರ್ಟ್ರಿಜ್ ಹಾಳೆಯನ್ನು ನಾಲ್ಕು ತುಂಡು ಮಾಡಿದರೆ 11 x 15 ಬರುತ್ತದೆ. ತಲೆಗೆ ವಾರಕ್ಕೆ ಎರಡು ತುಂಡು ಅಂದರೆ 12 ವಾರಕ್ಕೆ 360 ತುಂಡು, 90 ಹಾಳೆ. ನೂರು ತಗೊಳ್ಳಿ. 150 ಜಿಎಸ್‌ಎಂ (ಹಾಳೆಯ ದಪ್ಪದ ಅಳತೆ) ಸಾಕು. ಅದಕ್ಕಿಂತ ತೆಳುವಾದರೆ ನೀರು ಬಿದ್ದ ಕೂಡಲೇ ಹಪ್ಪಳದ ಹಾಗೆ ಏಳುತ್ತದೆ. ಮೊದಲ ಎರಡು ವಾರ ಇದ್ದಿಲ ಕಡ್ಡಿ, 2ಬಿ ಪೆನ್ಸಿಲ್ ಅಷ್ಟೇ. ಪೆನ್ಸಿಲ್ ಹೆರೆದೇ ಒಯ್ಯಿರಿ, ಶಾರ್ಪನರ್‌ನಲ್ಲಿ ಬ್ಲೇಡ್ ಇರುತ್ತದೆ ಅನ್ನೋದನ್ನ ಎಲ್ಲರೂ ಮರೆಯುತ್ತಾರೆ. ಬಣ್ಣ ಆರು ಬೇಡ, ಐದು ಸಾಕು: ಕೆಂಪು, ಹಳದಿ, ನೀಲಿ, ಕಪ್ಪು, ಬಿಳಿ. ಬಿಳಿ ಉಳಿದವುಗಳ ಮೂರರಷ್ಟು ಇರಲಿ, ಮೊದಲು ಮುಗಿಯೋದೇ ಅದು. ಬ್ರಷ್ 4, 8, 12ನೇ ನಂಬರಿನ ದುಂಡು ಬ್ರಷ್ ತಲಾ 15. ಬಣ್ಣದ ತಟ್ಟೆಗೆ ಮೊಟ್ಟೆಯ ಪ್ಲಾಸ್ಟಿಕ್ ಟ್ರೇ ಕತ್ತರಿಸಿಕೊಂಡು ಹೋಗಿ.

ಪ್ರತಿ ಬ್ರಷ್‌ಗೂ ನಂಬರ್ ಬರೆದು, ಪಟ್ಟಿ ಎರಡು ಪ್ರತಿ ಮಾಡಿ, ಒಂದು ಗೇಟಿನಲ್ಲಿ ಕೊಡಿ. ವಾಪಸ್ ಬರುವಾಗ ಎಣಿಸಿ. ಬ್ರಷ್‌ನ ಹಿಡಿಕೆಯನ್ನು ನೆಲಕ್ಕೆ ಉಜ್ಜಿದರೆ ಮೊನಚಾಗುತ್ತದೆ. ಒಂದು ಕಡಿಮೆ ಬಂದರೆ ಇಡೀ ಬ್ಯಾರಕ್ ತಪಾಸಣೆ ಆಗುತ್ತದೆ, ಅದರ ಸಿಟ್ಟೆಲ್ಲ ನಿಮ್ಮ ಕ್ಲಾಸಿನ ಮೇಲೆ ಬೀಳುತ್ತದೆ. ಕೊನೆಯ 20 ನಿಮಿಷ ತೊಳೆಯಲು, ಎಣಿಸಲು ಅಂತಲೇ ಮೀಸಲಿಡಿ.

ನನ್ನ ಪ್ರಕಾರ ಚಿತ್ರ ಬಿಡಿಸೋದಕ್ಕಿಂತ ನಮ್ಮ ಭಾಗಕ್ಕೆ ಹೊಂದೋದು ಗೊಂಬೆ ಕೆಲಸ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಬೆರೆಸಿ 'ಕಿಟ್ಟ' ಮಾಡಿಕೊಂಡು ಗೊಂಬೆಯ ಮೈ ತುಂಬುತ್ತಾರಲ್ಲ, ಆ ಅಂಟಿಗೆ ಬ್ಲೇಡೂ ಬೇಡ, ಥಿನ್ನರೂ ಬೇಡ. ಮರ ಕೆತ್ತೋದನ್ನ ಬಿಟ್ಟು, ಹೊಟ್ಟಿನ ಬದಲು ಹಳೇ ನ್ಯೂಸ್‌ಪೇಪರ್ ಹಾಕಿ. ಪೇಪರ್ ಹರಿದು ಒಂದು ರಾತ್ರಿ ನೆನೆಸಿ, ಹೊರಗೇ ರುಬ್ಬಿಕೊಂಡು ಹಿಂಡಿ ಒಯ್ಯಿರಿ. ಹುಣಸೆ ಬೀಜ ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿ, ಒಂದು ಲೋಟ ಪುಡಿಗೆ ಎಂಟು ಲೋಟ ತಣ್ಣೀರು ಹಾಕಿ ಗಂಟಿಲ್ಲದಂತೆ ಕಲಸಿ, ಆಮೇಲೆ ಒಲೆಯ ಮೇಲಿಟ್ಟು ಅಂಬಲಿ ಹದಕ್ಕೆ ಬರುವವರೆಗೂ ಕೈಯಾಡಿಸಿ. ನಾಲ್ಕು ಪಾಲು ಪೇಪರ್ ಮುದ್ದೆಗೆ ಒಂದು ಪಾಲು ಅಂಟು, ಒಂದು ಪಾಲು ಚಾಕ್ ಪುಡಿ. ಉಂಡೆ ಕಟ್ಟಿದಾಗ ಅಂಚು ಬಿರಿಯಬಾರದು, ಕೈಗೂ ಅಂಟಬಾರದು.

ಏನು ಕೆಡುತ್ತದೆ? ದಪ್ಪ. ಅರ್ಧ ಸೆಂಟಿಮೀಟರ್ ಮೀರಿದರೆ ಹೊರಗೆ ಒಣಗಿ ಒಳಗೆ ಹಸಿ ಉಳಿದು ಬಿರುಕು ಬಿಡುತ್ತದೆ. ನಮ್ಮ ಬಿಸಿಲಿನಲ್ಲಿ ನೇರ ಒಣಹಾಕಿದರಂತೂ ಮೂತಿ ಒಂದು ಕಡೆ, ಕಿವಿ ಒಂದು ಕಡೆ. ಒಳಗೆ ಪೇಪರ್ ಉಂಡೆಯ ಅಚ್ಚು ಇಟ್ಟು ಮೇಲೆ ತೆಳ್ಳಗೆ ಎರಡು ಸಲ ಮೆತ್ತಿ, ನೆರಳಲ್ಲಿ ಒಣಗಿಸಿ. ಅಂಟು ಎರಡನೇ ದಿನಕ್ಕೆ ಹುಳಿಯುತ್ತದೆ, ಆಯಾ ದಿನವೇ ಕುದಿಸಿ. ಕೆಡದಿರಲಿ ಅಂತ ಕೆಲವರು ಹೊರಗೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಜೈಲಿನೊಳಗೆ ಅದರ ಸುದ್ದಿಯೇ ಬೇಡ. ಇಲಿ ಕಾಟವೂ ಇರುತ್ತದೆ, ಒಣಗಿದ್ದನ್ನು ಮುಚ್ಚಳದ ಡಬ್ಬಿಯಲ್ಲಿಡಿ.

ಇನ್ನೊಂದು: ಹೀಗೆ ಮಾಡಿದ್ದನ್ನು 'ಕಿನ್ನಾಳ ಗೊಂಬೆ' ಅಂತ ಮಾರಬೇಡಿ. ಆ ಹೆಸರಿಗೆ ಭೌಗೋಳಿಕ ಸೂಚಕ (ಜಿಐ ಮಾನ್ಯತೆ) ಇದೆ. ಅದು ಆ ಊರಿನ ಕುಶಲಕರ್ಮಿಗಳ ಅನ್ನ. ಬೇಕಿದ್ದರೆ ಅವರಲ್ಲೇ ಒಬ್ಬರನ್ನು ಸಂಭಾವನೆ ಕೊಟ್ಟು ಕಲಿಸಲು ಕರೆಯಿರಿ.

ಎಬೆನೆಜರ್ ಓಣಿ (ಬಳ್ಳಾರಿ)

ಎಲ್ಲ ಸರಿ. ಆದರೆ ಬಣ್ಣ ಬಳಿಯೋದು ಕಲಿಸೋಕೆ ಸರ್ಕಾರ ಇದೆ, ಎನ್‌ಜಿಒ ಇವೆ. ಮೈಸೂರಿನ ರಂಗಾಯಣ ನಾಟಕ ಸಂಸ್ಥೆಯಲ್ಲಿದ್ದ ಹುಲುಗಪ್ಪ ಕಟ್ಟಿಮನಿಯವರು ಎಷ್ಟೋ ವರ್ಷ ಕೈದಿಗಳ ಕೈಲಿ ನಾಟಕ ಆಡಿಸಿದ್ದಾರೆ, ಅದಕ್ಕೆ ಯಾವ ಸಭೆಯೂ ಬೇಕಾಗಲಿಲ್ಲ. ಸುವಾರ್ತೆ ಹೇಳದೆ ಬಾಯಿ ಮುಚ್ಚಿಕೊಂಡು ಬರೋದಾದರೆ ಇದನ್ನ ಸೇವೆ ಅನ್ನೋದು ಯಾಕೆ?

ತುಂಗಭದ್ರಾ ದಂಡೆ (ಕೊಪ್ಪಳ)

ಎಬೆನೆಜರ್ ಅಣ್ಣನ ಪ್ರಶ್ನೆ ಉಡಾಫೆಯದ್ದಲ್ಲ, ಪ್ರತಿ ಸಭೆಯಲ್ಲೂ ಇದನ್ನ ಯಾರಾದರೂ ಕೇಳೇ ಕೇಳುತ್ತಾರೆ.

ಬೈಬಲಿನ ವಿಮೋಚನಕಾಂಡ 31ರಲ್ಲಿ ದೇವರಾತ್ಮಭರಿತನಾದ ಅಂತ ಹೇಳಿರೋದು ಬೆಚಲೇಲನ ಬಗ್ಗೆ. ಅವನು ಪ್ರವಾದಿಯೂ ಅಲ್ಲ, ಯಾಜಕನೂ ಅಲ್ಲ. ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರದ ಕೆಲಸಗಾರ. 35ನೇ ಅಧ್ಯಾಯದ 34ನೇ ವಚನಕ್ಕೆ ಬಂದರೆ ಅವನಿಗೂ ಒಹೊಲೀಯಾಬನಿಗೂ ಬೇರೆಯವರಿಗೆ ಕಲಿಸುವ ವರವನ್ನೂ ಕೊಟ್ಟ ಅಂತಿದೆ. ಕೈಕೆಲಸ ಕಲಿಸುವುದೇ ವರ ಅಂತ ಅಲ್ಲಿ ಸ್ಪಷ್ಟ ಇರುವಾಗ ಅದನ್ನು ಬೋಧನೆಗೆ ಗಾಳವಾಗಿ ಬಳಸುವ ಅಗತ್ಯ ಏನು? ಮತ್ತಾಯ 25:36ರಲ್ಲೂ ಸೆರೆಮನೆಗೆ ಬಂದು ನೋಡಿದಿರಿ ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ನೋಡಿದ್ದರಿಂದ ಎಷ್ಟು ಜನ ಕ್ರಿಸ್ತನ ಕಡೆ ತಿರುಗಿಕೊಂಡರು ಅನ್ನೋ ಲೆಕ್ಕ ಕೇಳಿಲ್ಲ.

ಇನ್ನೊಂದು ಕಾರಣ ವ್ಯವಹಾರದ್ದು. ಬೀಗದೊಳಗೆ ಇರುವವನಿಗೆ ಎದ್ದು ಹೋಗುವ ಸ್ವಾತಂತ್ರ್ಯ ಇಲ್ಲ. ಬಣ್ಣ ಬೇಕು, ಎರಡು ಗಂಟೆ ಬ್ಯಾರಕ್‌ನಿಂದ ಹೊರಗೆ ಬರಬೇಕು ಅನ್ನೋ ಆಸೆಗೆ ಅವನು ನೀವು ಹೇಳಿದ್ದಕ್ಕೆಲ್ಲ ಆಮೆನ್ ಅನ್ನುತ್ತಾನೆ. ಆ ಆಮೆನ್ ನಿಮಗೆ ಬೇಕಾ? ಮೇಲಾಗಿ ಆಮಿಷ ಒಡ್ಡಿದರು ಅನ್ನೋ ಒಂದು ದೂರು ಹೋದರೆ ನಿಮ್ಮದೊಂದೇ ಅಲ್ಲ, ಜಿಲ್ಲೆಯ ಎಲ್ಲ ಸಭೆಗಳಿಗೂ ಗೇಟು ಮುಚ್ಚುತ್ತದೆ. ಆದ್ದರಿಂದ ಕ್ಲಾಸು ಬೇರೆ, ಪ್ರಾರ್ಥನೆ ಬೇರೆ. ಕ್ರೈಸ್ತ ಬಂದಿಗಳಿಗೆ ಆರಾಧನೆ ಬೇಕೆಂದರೆ ಬೇರೆ ದಿನ, ಬೇರೆ ಅನುಮತಿ, ಬೇರೆ ಹಾಜರಿ ಪಟ್ಟಿ. ಕ್ಲಾಸಿಗೆ ಕರಪತ್ರ ಒಯ್ಯಬೇಡಿ, ಯಾವ ದೇವರ ಚಿತ್ರ ಬರೆದರೂ ತಿದ್ದಬೇಡಿ. ಹನುಮಪ್ಪನನ್ನು ಬರೆದರೆ ಬಾಲದ ಗೆರೆ ಸರಿ ಬಂದಿದೆಯಾ ನೋಡಿ ಅಷ್ಟೇ. ನಿಮ್ಮ ಸಭೆ ಯಾವುದು ಅಂತ ಅವರಾಗಿ ಕೇಳಿದರೆ ಹೇಳಿ.

ಎರಡನೇ ಅವಕಾಶ ಅಂತ ಸಭೆಗಳಲ್ಲಿ ಬಹಳ ಹೇಳುತ್ತೇವೆ. ಫಿಲೆಮೋನನಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಫಿಲೆಮೋನನ ದಾಸನಾಗಿದ್ದ ಒನೇಸಿಮನನ್ನು ಮತ್ತೆ ಸೇರಿಸಿಕೋ ಅಂತ ಹೇಳಿ ಸುಮ್ಮನಾಗಲಿಲ್ಲ. 18ನೇ ವಚನದಲ್ಲಿ, ಅವನಿಂದ ನಿನಗೆ ನಷ್ಟ ಆಗಿದ್ದರೆ, ಬಾಕಿ ಇದ್ದರೆ ನನ್ನ ಲೆಕ್ಕಕ್ಕೆ ಹಾಕು ಅಂದ. ಹೊರಗೆ ಬಂದವನಿಗೆ ಬಾಡಿಗೆ ಮನೆಯ ಅಡ್ವಾನ್ಸ್ ಯಾರು ಕೊಡುತ್ತೀರಿ, ಗೊತ್ತಿರುವ ಮಾಲೀಕರ ಹತ್ತಿರ ಅವನ ಪರ ಯಾರು ಮಾತಾಡುತ್ತೀರಿ ಅಂತ ಸಭೆಯ ಕಮಿಟಿಯಲ್ಲಿ ಮೊದಲು ತೀರ್ಮಾನ ಮಾಡಿ. ನಿಮ್ಮ 15,000ದಲ್ಲಿ 5,000 ಇದಕ್ಕೇ ತೆಗೆದಿಡಿ, ಬಣ್ಣಕ್ಕೆ ಉಳಿದದ್ದು ಸಾಕು.

ಹಾಗೆಯೇ, ಬಿಡುಗಡೆಯಾದವರನ್ನು ಮುಂದಿನ ಭಾನುವಾರವೇ ವೇದಿಕೆ ಹತ್ತಿಸಿ 'ನಾನು ಹೀಗಿದ್ದೆ' ಅಂತ ಹೇಳಿಸಬೇಡಿ. ಜಾಮೀನಿನ ಮೇಲಿರುವವನ ಕೇಸು ಇನ್ನೂ ನಡೆಯುತ್ತಿರುತ್ತದೆ. ಆ ವೀಡಿಯೋ ಯೂಟ್ಯೂಬಿಗೆ ಹೋದರೆ ಕೋರ್ಟಿನಲ್ಲಿ ಅವನ ವಿರುದ್ಧವೇ ನಿಲ್ಲಬಹುದು. ನೊಂದ ಕುಟುಂಬವೂ ಇದೇ ಊರಲ್ಲಿ ಇರುತ್ತದೆ, ಅವರೂ ಅದನ್ನು ನೋಡುತ್ತಾರೆ.

ಮೆಶ್ 120 (ಬಳ್ಳಾರಿ)

ಕೊನೆಯ ಪ್ರಶ್ನೆಗೆ, ಅಂದರೆ ಹೊಟ್ಟೆಪಾಡಿಗೆ ಬರೋಣ. ಬೋರ್ಡ್ ಬರೆಯೋದನ್ನ ಫ್ಲೆಕ್ಸ್ ತಿಂದು ಹಾಕಿದೆ, ಅದನ್ನ ನಂಬಿಸಬೇಡಿ. ಶಾಲೆ, ಅಂಗನವಾಡಿ ಗೋಡೆ ಬರಹ ಸಿಗುತ್ತದೆ, ಆದರೆ ವರ್ಷಪೂರ್ತಿ ಅಲ್ಲ. ಬಳ್ಳಾರಿಯಲ್ಲಿ ಕೆಲಸ ಇರೋದು ಜೀನ್ಸ್ ಸುತ್ತ. ನಿಮ್ಮಲ್ಲೇ ಸ್ಕ್ರೀನ್ ಪ್ರಿಂಟಿಂಗ್ ಗೊತ್ತಿರುವವರು ಇದ್ದಾರೆ ಅಂದಮೇಲೆ ಅದೇ ನಿಮ್ಮ ಬಂಡವಾಳ.

ಹೊರಗೆ ಬಂದವರಿಗೆ ಸಭೆಯ ಹಿಂದಿನ ಕೋಣೆಯಲ್ಲಿ ಒಂದು ಟೇಬಲ್ ಸಾಕು. ಬಟ್ಟೆ ಚೀಲಕ್ಕೆ ಇಂಚಿಗೆ 110ರಿಂದ 140 ಮೆಶ್ (ಜಾಲರಿಯ ಎಳೆ) ಇರುವ ಫ್ರೇಮು, ಬಣ್ಣ ಎಳೆಯೋ ರಬ್ಬರ್ ಸ್ಕ್ವೀಜಿ, ನೀರಿನ ಪಿಗ್ಮೆಂಟ್ ಬಣ್ಣ ಮತ್ತು ಅದನ್ನ ಬಟ್ಟೆಗೆ ಹಿಡಿಸೋ ಬೈಂಡರ್. ಒಣಗಿದ ಮೇಲೆ ಬಿಸಿ ಇಸ್ತ್ರಿಯನ್ನು ಮಧ್ಯೆ ಹಾಳೆ ಇಟ್ಟು ಮೂರ್ನಾಲ್ಕು ನಿಮಿಷ ಆಡಿಸದಿದ್ದರೆ ಎರಡನೇ ಒಗೆತಕ್ಕೆ ಬಣ್ಣ ಬಿಡುತ್ತದೆ. ಇಲ್ಲಿನ ದೊಡ್ಡ ಕಾಟ ಬೇಸಿಗೆ: ಏಪ್ರಿಲ್‌ನಲ್ಲಿ ನಾಲ್ಕು ಚೀಲ ಹೊಡೆಯುವಷ್ಟರಲ್ಲಿ ಮೆಶ್‌ನ ಕಣ್ಣಲ್ಲೇ ಬಣ್ಣ ಒಣಗಿ ಕೂರುತ್ತದೆ. ಫ್ಯಾನ್ ಆರಿಸಿ, ಬೆಳಗ್ಗೆ ಹತ್ತರೊಳಗೆ ಮುಗಿಸಿ, ಬಣ್ಣಕ್ಕೆ ಸ್ವಲ್ಪ ಗ್ಲಿಸರಿನ್ ಸೇರಿಸಿ, ಪಕ್ಕದಲ್ಲಿ ನೀರಿನ ಸ್ಪ್ರೇ ಇಟ್ಟುಕೊಳ್ಳಿ. ಫ್ರೇಮಿನ ಮೇಲೆ ಮಾದರಿ ಮೂಡಿಸೋಕೆ ಫೋಟೋ ಎಮಲ್ಷನ್ ಹಾಕುವಾಗ ಬಳಸುವ ಬೈಕ್ರೋಮೇಟ್ ರಾಸಾಯನಿಕ ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು. ಗ್ಲೌಸ್ ಇಲ್ಲದೆ ಯಾರನ್ನೂ ಮುಟ್ಟಿಸಬೇಡಿ, ಇಲ್ಲವೇ ರೆಡಿ ಫ್ರೇಮ್ ಮಾಡಿಸಿಕೊಳ್ಳಿ.

ಚೀಲಕ್ಕೆ ಜೀನ್ಸ್ ಕಟಿಂಗ್ ಚೂರು ಯೂನಿಟ್‌ಗಳಲ್ಲಿ ಸಸ್ತಾ ಸಿಗುತ್ತವೆ. ಹೊಸ ಡೆನಿಮ್‌ಗೆ ಗಂಜಿ ಇರುತ್ತದೆ, ಒಗೆಯದೆ ಪ್ರಿಂಟ್ ಹೊಡೆದರೆ ಬಣ್ಣ ಹಿಡಿಯಲ್ಲ. ಮಾದರಿ ಗೀಚೋದು, ಎರಡು ಬಣ್ಣ ಒಂದರ ಮೇಲೊಂದು ಕೂರಿಸೋ ಲೆಕ್ಕ, ಇವನ್ನ ಜೈಲಿನ ಕ್ಲಾಸಿನಲ್ಲೇ ಪೇಪರ್ ಸ್ಟೆನ್ಸಿಲ್‌ನಿಂದ ಕಲಿಸಬಹುದು. ಸ್ಟೆನ್ಸಿಲ್ ಮಾತ್ರ ಹೊರಗೆ ಕತ್ತರಿಸಿ ತನ್ನಿ.

ಚೀಲದ ಮೇಲೆ 'ಮಾಜಿ ಕೈದಿಗಳು ತಯಾರಿಸಿದ್ದು' ಅಂತ ಮುದ್ರಿಸಿದರೆ ಮೊದಲ ಸಲ ಕನಿಕರಕ್ಕೆ ಕೊಳ್ಳುತ್ತಾರೆ, ಎರಡನೇ ಸಲ ಯಾರೂ ಬರಲ್ಲ. ಮಾಡಿದವನಿಗೂ ಆ ಹಣೆಪಟ್ಟಿ ಬೆನ್ನು ಬಿಡಲ್ಲ. ಹೊಲಿಗೆ ನೆಟ್ಟಗಿದ್ದರೆ ಚೀಲ ತಾನೇ ಹೋಗುತ್ತದೆ. ಕೂಲಿ ಪೀಸ್ ಲೆಕ್ಕದಲ್ಲಿ, ಅದೇ ವಾರ, ಅವನ ಖಾತೆಗೇ ಹೋಗಲಿ. ಖಾತೆ ಇಲ್ಲದಿದ್ದರೆ ಮೊದಲ ಕೆಲಸ ಜನಧನ್ ಅಥವಾ ಅಂಚೆ ಕಚೇರಿ ಖಾತೆ. ಜೈಲಿನೊಳಗೆ ಮಾಡಿದ ವಸ್ತುವಿನ ಕಥೆ ಬೇರೆ. ಅದನ್ನು ಅಧೀಕ್ಷಕರ ಲಿಖಿತ ಒಪ್ಪಿಗೆ ಇಲ್ಲದೆ ಹೊರಗೆ ತಂದು ಮಾರುವಂತಿಲ್ಲ, ಹಣವನ್ನು ಕೈಗೆ ಕೊಡುವಂತೆಯೂ ಇಲ್ಲ.

ಕೌಲ್‌ಬಜಾರ್ ಯೂತ್ (ಬಳ್ಳಾರಿ)

ಎಲ್ಲರಿಗೂ ವಂದನೆಗಳು, ಪ್ರಿಂಟ್ ತೆಗೆದು ಕಮಿಟಿ ಮುಂದೆ ಇಡ್ತೀವಿ. ಇನ್ನೆರಡು ಕೇಳ್ತೀನಿ. ಒಳಗಿನ ಗೋಡೆಗೆ ಚಿತ್ರ ಬರೆದುಕೊಡಿ ಅಂದರೆ ಒಪ್ಪಿಕೊಳ್ಳಬಹುದಾ? ಮತ್ತೆ, ವೀಕ್ಷಣಾಲಯದ (ಕೇಸಿನಲ್ಲಿ ಸಿಕ್ಕ ಮಕ್ಕಳನ್ನ ಇಡೋ ಜಾಗ) ಹುಡುಗರಿಗೂ ಇದೇ ಕ್ಲಾಸ್ ಮಾಡಬಹುದಾ?

ಗೇಟ್ ಪಾಸ್ (ರಾಯಚೂರು)

ವೀಕ್ಷಣಾಲಯಕ್ಕೆ ಜೈಲು ಇಲಾಖೆ ಅಲ್ಲ, ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕೇಳಬೇಕು. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಪ್ರಕಾರ ಮಗುವಿನ ಹೆಸರು, ಮುಖ, ಶಾಲೆ, ವಿಳಾಸ ಯಾವುದೂ ಹೊರಗೆ ಬರುವಂತಿಲ್ಲ. ಚಿತ್ರದ ಮೂಲೆಯಲ್ಲಿ ಹುಡುಗ ಹಾಕಿದ ಸಹಿಯ ಫೋಟೋ ಸಭೆಯ ವಾಟ್ಸಾಪ್ ಗ್ರೂಪಿಗೆ ಹೋದರೂ ತಪ್ಪೇ. ಆದರೆ ಕೆಲಸದ ದೃಷ್ಟಿಯಿಂದ ಆ ಹುಡುಗರೇ ಬೇಗ ಕಲಿಯುತ್ತಾರೆ.

ಬಣ್ಣದ ಡಬ್ಬಿ (ಕೊಪ್ಪಳ)

ಗೋಡೆ ಒಪ್ಪಿಕೊಳ್ಳಿ, ಆದರೆ ನೀವೇ ಬರೆದುಕೊಡಬೇಡಿ, ಅವರ ಕೈಲಿ ಬರೆಸಿ. ಹಳೇ ಗೋಡೆಗೆ ಸುಣ್ಣದ ಮೇಲೆ ಸುಣ್ಣ ಬಳಿದಿರುತ್ತಾರೆ, ಅದರ ಮೇಲೆ ನೇರ ಎಮಲ್ಷನ್ ಹಾಕಿದರೆ ಒಂದು ಮಳೆಗಾಲಕ್ಕೆ ಪದರವೇ ಕಳಚಿ ಬೀಳುತ್ತದೆ. ಅಂಗೈಯಿಂದ ಉಜ್ಜಿ ನೋಡಿ. ಬೆಳ್ಳಗೆ ಪುಡಿ ಹತ್ತಿದರೆ ಕೆರೆದು, ತೊಳೆದು, ಪೂರ್ತಿ ಒಣಗಿಸಿ, ಪ್ರೈಮರ್ ಒಂದು ಕೋಟ್, ಆಮೇಲೆ ಹೊರಗೋಡೆಯ ಎಮಲ್ಷನ್ ಎರಡು ಕೋಟ್. ಲೀಟರಿಗೆ ಎರಡು ಕೋಟ್‌ನಲ್ಲಿ 50ರಿಂದ 60 ಚದರ ಅಡಿ ಬರುತ್ತದೆ, 200 ಚದರ ಅಡಿಗೆ ನಾಲ್ಕು ಲೀಟರ್ ಹಿಡಿಯಿರಿ. ಬಣ್ಣ ಗಾಢ ಆಗಲಿ ಅಂತ ಸ್ಟೈನರ್ ಸುರಿಯಬೇಡಿ. ಲೀಟರಿಗೆ 20-30 ಎಂ.ಎಲ್. ಮೀರಿದರೆ ಅಂಟಂಟಾಗಿ ಉಳಿದು ಮಳೆಗೆ ಇಳಿಯುತ್ತದೆ. ನೆಲದಿಂದ ಎರಡು ಮೂರು ಅಡಿ ಉಪ್ಪು ಏಳುವ ಭಾಗವನ್ನು ಬಿಟ್ಟು ಮೇಲಿಂದ ಶುರು ಮಾಡಿ. ಏಣಿ ಒಳಗೆ ಬಿಡುವುದಿಲ್ಲ, ಹಾಗಾಗಿ ಚಿತ್ರದ ಎತ್ತರ ಕೈಗೆಟಕುವ ಏಳು ಅಡಿಗೆ ಮುಗಿಯಬೇಕು. ನೂಲಿನಿಂದ ಒಂದೊಂದು ಅಡಿಯ ಚೌಕ ಹೊಡೆದುಕೊಂಡರೆ ಚಿತ್ರ ಬರದವನೂ ತನ್ನ ಚೌಕ ತುಂಬುತ್ತಾನೆ, ಮಧ್ಯದಲ್ಲಿ ಒಬ್ಬನಿಗೆ ಜಾಮೀನಾದರೂ ಕೆಲಸ ನಿಲ್ಲಲ್ಲ.

ಗೊಂಬೆ ಹಾದಿ ಹಿಡಿಯೋದಾದರೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳು) ಸೆಟ್ಟಿಗೆ ಸಭೆಗಳಿಂದ ಆರ್ಡರ್ ಸಿಗುತ್ತದೆ: ಮರಿಯಮ್ಮ, ಯೋಸೇಫ, ಕೂಸು, ಮೂವರು ಜ್ಞಾನಿಗಳು, ಇಬ್ಬರು ಕುರುಬರು, ಎತ್ತು, ಕತ್ತೆ, ಕುರಿ, ಒಟ್ಟು 11. ಕ್ಯಾಲೆಂಡರ್ ಹಿಂದಿನಿಂದ ಎಣಿಸಿ. ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲಕ್ಕೆ ಮುಂಚೆ, ಅಂದರೆ ನವೆಂಬರ್ ಮಧ್ಯಕ್ಕೆ ಪೆಟ್ಟಿಗೆ ತಲುಪಬೇಕು. ನಮ್ಮಲ್ಲಿ ಸೆಪ್ಟೆಂಬರ್ ಮಳೆಗೆ ಮುದ್ದೆ ಒಣಗೋದೇ ಇಲ್ಲ, ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಮೈ ಕೆಲಸ ಆಗಸ್ಟ್ ಒಳಗೆ ಮುಗಿಸಿ, ಸೆಪ್ಟೆಂಬರ್‌ನಲ್ಲಿ ಸೂರಿನಡಿ ಉಜ್ಜೋದು ಮತ್ತು ಬಿಳಿ ಕೋಟ್, ಅಕ್ಟೋಬರ್‌ನಲ್ಲಿ ಬಣ್ಣ. ಕತ್ತೆಯ ಕಿವಿ ನೆಟ್ಟಗೆ ನಿಲ್ಲಿಸಬೇಡಿ, ಕುತ್ತಿಗೆಗೆ ಒತ್ತಿಸಿ ಮೆತ್ತಿ. ಬಸ್ಸಿನ ಡಿಕ್ಕಿಯಲ್ಲಿ ಮೊದಲು ಮುರಿಯೋದು ಅದೇ.